ಪದಗಳಿಲ್ಲದ ಚಿತ್ರಪುಸ್ತಕದಲ್ಲಿ ಅರ್ಥ ಕಟ್ಟುವವರು ಯಾರು?

ಪುಟತಿರುವು:
ಪದಗಳಿಲ್ಲದ ಚಿತ್ರಪುಸ್ತಕಗಳ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಎದುರಾಗುತ್ತವೆ. ಇಂಥ ಪುಸ್ತಕದಲ್ಲಿ ಓದುಗ ತನಗೆ ತೋಚಿದ ಕತೆಯನ್ನು ಹೇಳಿಕೊಳ್ಳಬಹುದು, ಅಲ್ಲಿ ತಪ್ಪು ಎಂಬುದೇ ಇಲ್ಲ ಎನ್ನುವುದು ಒಂದು. ಕತೆ ಚಿತ್ರಗಳಲ್ಲಿ ಇದ್ದೇ ಇದೆ, ಓದುಗ ಅದನ್ನು ಗುರುತಿಸಿದರೆ ಸಾಕು ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪಲಾರೆ. ಮೊದಲನೆಯದು ನಿಜವಾಗಿದ್ದರೆ ಚಿತ್ರಕಾರರು ಪುಟಗಳ ಅನುಕ್ರಮವನ್ನು ಅಷ್ಟು ಶ್ರಮಪಟ್ಟು ತಿದ್ದಿ ತೀಡಬೇಕಾಗಿರಲಿಲ್ಲ. ಎರಡನೆಯದು ನಿಜವಾಗಿದ್ದರೆ, ಒಂದೇ ಪುಸ್ತಕವನ್ನು ಮೂವರು ಗಮನವಿಟ್ಟು ಓದಿ ಮೂರು ಬಗೆಯಾಗಿ ಹೇಳುವುದು ಏಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ನನಗೆ ತೋರುವಂತೆ, ಇಂಥ ಪುಸ್ತಕವನ್ನು ಓದುವುದೆಂದರೆ ಪ್ರತಿ ಪುಟದಲ್ಲೂ ಒಂದು ಊಹೆ ಮಾಡಿ, ಅದನ್ನು ಮುಂದಿನ ಪುಟದ ಎದುರು ಒರೆಗೆ ಹಚ್ಚುತ್ತ ಹೋಗುವುದು. ಊಹಿಸುವ ಸ್ವಾತಂತ್ರ್ಯ ಓದುಗನದು. ಆ ಊಹೆ ನಿಲ್ಲುತ್ತದೆಯೋ ಬೀಳುತ್ತದೆಯೋ ಎಂಬುದು ಬಹುಮಟ್ಟಿಗೆ ಪುಸ್ತಕದ ಕೈಯಲ್ಲಿದೆ. ಆದರೆ ‘ಬಹುಮಟ್ಟಿಗೆ’ ಎಂದರೆ ಎಷ್ಟರ ಮಟ್ಟಿಗೆ? ಪುಸ್ತಕ ಎಲ್ಲಿ ಓದುಗನನ್ನು ತಡೆಯುತ್ತದೆ, ಎಲ್ಲಿ ಬಿಟ್ಟುಕೊಡುತ್ತದೆ? ಮಕ್ಕಳೊಂದಿಗೆ ಓದುವವರು, ಚಿತ್ರ ಬರೆಯುವವರು, ಈ ವಿಷಯವನ್ನು ಅಧ್ಯಯನ ಮಾಡಿದವರು ಇಲ್ಲಿದ್ದೀರಿ. ದಯವಿಟ್ಟು ನಿರ್ದಿಷ್ಟ ಪುಟಗಳನ್ನು ಆಧಾರವಾಗಿಟ್ಟುಕೊಂಡು ಬರೆಯಿರಿ.

ನುಡಿಜಾಡು:
ಮಕ್ಕಳ ಭಾಷೆಯ ಬೆಳವಣಿಗೆಯನ್ನು ಅಧ್ಯಯನ ಮಾಡುವವಳಾಗಿ, ಈ ಪ್ರಶ್ನೆಗೆ ನಾನು ಒಂದೇ ಪುಸ್ತಕವನ್ನು ಹಿಡಿದು ಉತ್ತರಿಸುತ್ತೇನೆ. ಮರ್ಸರ್ ಮೇಯರ್ ಅವರು 1969ರಲ್ಲಿ ಪ್ರಕಟಿಸಿದ ‘ಫ್ರಾಗ್, ವೇರ್ ಆರ್ ಯು?’ ಎಂಬ ಪುಟ್ಟ ಪುಸ್ತಕದಲ್ಲಿ ಇರುವುದು 24 ಚಿತ್ರಗಳು. ಒಬ್ಬ ಹುಡುಗ, ಅವನ ನಾಯಿ, ಗಾಜಿನ ಜಾಡಿಯೊಳಗೊಂದು ಕಪ್ಪೆ. ರಾತ್ರಿ ಕಪ್ಪೆ ತಪ್ಪಿಸಿಕೊಳ್ಳುತ್ತದೆ. ಬೆಳಗಾದ ಮೇಲೆ ಹುಡುಗನೂ ನಾಯಿಯೂ ಅದನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಮಕ್ಕಳು ಕತೆ ಹೇಳುವುದನ್ನು ಹೇಗೆ ಕಲಿಯುತ್ತಾರೆ ಎಂದು ತಿಳಿಯಲು ಜಗತ್ತಿನ ಅನೇಕ ಭಾಷೆಗಳಲ್ಲಿ ಸಂಶೋಧಕರು ಬಳಸಿರುವ ಪುಸ್ತಕ ಇದು. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಅವರು 1994ರಲ್ಲಿ ಹೊರತಂದ ಅಧ್ಯಯನದಲ್ಲಿ ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ ಮತ್ತು ಟರ್ಕಿಷ್ ಆಡುವ ಮಕ್ಕಳೂ ದೊಡ್ಡವರೂ ಇದೇ ಕತೆಯನ್ನು ಹೇಳಿದ್ದಾರೆ.

ಆ ಅಧ್ಯಯನದಿಂದ ತಿಳಿದುಬಂದ ಸಂಗತಿಗಳಲ್ಲಿ ನಮ್ಮ ಚರ್ಚೆಗೆ ಮುಖ್ಯವಾದದ್ದು ಇದು. ಮೂರು ವರ್ಷದ ಮಕ್ಕಳು ಸಾಮಾನ್ಯವಾಗಿ ಒಂದೊಂದು ಚಿತ್ರವನ್ನೂ ಬೇರೆಬೇರೆಯಾಗಿ ಹೇಳುತ್ತಾರೆ: ಇಲ್ಲಿ ನಾಯಿ ಇದೆ, ಇಲ್ಲಿ ಹುಡುಗ ಕೂಗುತ್ತಿದ್ದಾನೆ, ಇಲ್ಲಿ ಜೇನುನೊಣ. ಐದು ವರ್ಷದವರು ಪಕ್ಕಪಕ್ಕದ ಚಿತ್ರಗಳನ್ನು ಜೋಡಿಸತೊಡಗುತ್ತಾರೆ. ಒಂಬತ್ತು ವರ್ಷದವರ ನಿರೂಪಣೆಯಲ್ಲಿ, ದೊಡ್ಡವರದರಲ್ಲಂತೂ ಇನ್ನೂ ಸ್ಪಷ್ಟವಾಗಿ, ಇಡೀ ಪುಸ್ತಕವನ್ನು ‘ಹುಡುಕಾಟ’ ಎಂಬ ಒಂದೇ ಉದ್ದೇಶ ಹಿಡಿದಿಡುತ್ತದೆ. ಹುಡುಗ ನೆಲದ ಬಿಲವೊಂದಕ್ಕೆ ಬಾಗಿ ನೋಡುತ್ತಿರುವ ಚಿತ್ರವನ್ನು ನೆನಪಿಸಿಕೊಳ್ಳಿ. ಆ ಪುಟದಲ್ಲಿ ಕಪ್ಪೆಯ ಸುಳಿವೇ ಇಲ್ಲ. ‘ಅವನು ಕಪ್ಪೆಯನ್ನು ಹುಡುಕುತ್ತಿದ್ದಾನೆ’ ಎಂದು ಹೇಳಬೇಕಾದರೆ ಓದುಗ ಎಷ್ಟೋ ಪುಟಗಳ ಹಿಂದೆ ಕಂಡ ಖಾಲಿ ಜಾಡಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಉದ್ದೇಶ ಎನ್ನುವುದನ್ನು ಚಿತ್ರದಲ್ಲಿ ಬೆರಳಿಟ್ಟು ತೋರಿಸಲಾಗದು. ಅದು ಓದುಗನ ಕೊಡುಗೆ. ಆದರೂ ಅದನ್ನು ಯಾರೂ ‘ತೋಚಿದ್ದು’ ಎನ್ನುವುದಿಲ್ಲ, ಏಕೆಂದರೆ ಹಿಂದಿನ ಪುಟಗಳು ಅದಕ್ಕೆ ಸಾಕ್ಷಿಯಾಗಿ ನಿಂತಿರುತ್ತವೆ.

ಪುಸ್ತಕ ಓದುಗನನ್ನು ತಡೆಯುವ ಜಾಗವೂ ಇದೇ ಪುಸ್ತಕದಲ್ಲಿದೆ. ಹುಡುಗ ಬಂಡೆಯೊಂದನ್ನು ಹತ್ತಿ, ಒಣಗಿದ ರೆಂಬೆಗಳಂತೆ ಕಾಣುವ ಏನನ್ನೋ ಹಿಡಿದು ಕೂಗುತ್ತಾನೆ. ಮುಂದಿನ ಚಿತ್ರದಲ್ಲಿ ಆ ರೆಂಬೆಗಳು ಜಿಂಕೆಯ ಕೊಂಬುಗಳೆಂದು ತಿಳಿಯುತ್ತದೆ. ಹುಡುಗ ಅದರ ತಲೆಯ ಮೇಲೆ ಸಿಕ್ಕಿಕೊಂಡಿದ್ದಾನೆ. ‘ರೆಂಬೆ’ ಎಂಬ ಊಹೆ ಅಲ್ಲಿ ಬೀಳುತ್ತದೆ. ಅದು ಬೀಳಬೇಕೆಂದೇ ಹಾಗೆ ಬರೆದದ್ದು. ಹುಡುಗನಿಗೂ ಅದು ರೆಂಬೆಯೇ ಆಗಿತ್ತು ಎಂಬುದು ನಮಗೆ ಅರ್ಥವಾಗುವುದು ನಾವೂ ಹಾಗೆಯೇ ಭಾವಿಸಿದ್ದರಿಂದ.

ಬಿಟ್ಟುಕೊಡುವ ಜಾಗ ಕೊನೆಯಲ್ಲಿದೆ. ಹುಡುಗ ಒಂದು ಕಪ್ಪೆಯನ್ನು ಹಿಡಿದುಕೊಂಡು ಉಳಿದ ಕಪ್ಪೆಗಳಿಗೆ ವಿದಾಯ ಹೇಳಿ ಹೊರಡುತ್ತಾನೆ. ಅದು ಅವನ ಹಳೆಯ ಕಪ್ಪೆಯೇ, ಅಥವಾ ಅದರ ಮರಿಗಳಲ್ಲಿ ಒಂದೇ? ಒಂದು ಓದಿನಲ್ಲಿ ಅದು ಕಳೆದುಹೋದದ್ದು ಮರಳಿ ಸಿಕ್ಕ ಕತೆ. ಇನ್ನೊಂದರಲ್ಲಿ ಹಳೆಯ ಗೆಳೆಯನನ್ನು ಅವನ ಸಂಸಾರಕ್ಕೆ ಬಿಟ್ಟುಕೊಟ್ಟ ಕತೆ. ಎರಡನ್ನೂ ಪುಸ್ತಕ ತಳ್ಳಿಹಾಕುವುದಿಲ್ಲ.

ಗೆರೆಬಣ್ಣ:
ನುಡಿಜಾಡು ಅವರ ಜಿಂಕೆಯ ಉದಾಹರಣೆ ಬಹಳ ಹಿಡಿಸಿತು. ಚಿತ್ರ ಬರೆಯುವವನ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಭಾಷೆಗೆ ಸುಲಭವಾದ ಕೆಲವು ಕೆಲಸಗಳು ಚಿತ್ರಕ್ಕೆ ತೀರಾ ಕಷ್ಟ. ‘ಇಲ್ಲ’ ಎಂದು ಚಿತ್ರ ಹೇಳಲಾರದು. ‘ಆದ್ದರಿಂದ’, ‘ಅಷ್ಟರಲ್ಲಿ’, ‘ಒಂದು ವೇಳೆ’ ಎಂದೂ ಹೇಳಲಾರದು. ಬರೀ ಖಾಲಿ ಜಾಡಿಯ ಚಿತ್ರ ಬರೆದರೆ ಅದು ಒಂದು ಜಾಡಿ, ಅಷ್ಟೇ. ಮೊದಲು ಕಪ್ಪೆ ಇರುವ ಜಾಡಿಯನ್ನು ತೋರಿಸಿ, ಆಮೇಲೆ ಅದೇ ಜಾಡಿಯನ್ನು ಅದೇ ಜಾಗದಲ್ಲಿ ಖಾಲಿಯಾಗಿ ತೋರಿಸಿದರೆ ಮಾತ್ರ ‘ಕಪ್ಪೆ ಇಲ್ಲ’ ಎಂಬ ಅರ್ಥ ಹುಟ್ಟುತ್ತದೆ. ಆ ಅರ್ಥ ಮೊದಲ ಚಿತ್ರದಲ್ಲೂ ಇಲ್ಲ, ಎರಡನೆಯದರಲ್ಲೂ ಇಲ್ಲ. ಎರಡನ್ನೂ ಕಂಡವನ ನೆನಪಿನಲ್ಲಿದೆ. ಆದ್ದರಿಂದ ಪದಗಳಿಲ್ಲದ ಪುಸ್ತಕವನ್ನು ರೂಪಿಸುವವನು ಹೆಚ್ಚು ಯೋಚಿಸುವುದು ಚಿತ್ರಗಳ ಬಗ್ಗೆಯಲ್ಲ, ಎರಡು ಚಿತ್ರಗಳ ನಡುವೆ ಎಷ್ಟು ದೂರ ಇರಬೇಕೆಂಬುದರ ಬಗ್ಗೆ. ತೀರಾ ಹತ್ತಿರವಿದ್ದರೆ ಓದುಗನಿಗೆ ಮಾಡಲು ಏನೂ ಉಳಿಯುವುದಿಲ್ಲ. ತೀರಾ ದೂರವಾದರೆ ಅವನು ದಾಟಲಾರ.

ಇದನ್ನು ಕಾಮಿಕ್ಸ್ ಬಗ್ಗೆ ಚೆನ್ನಾಗಿ ಬರೆದವರು ಸ್ಕಾಟ್ ಮೆಕ್‌ಕ್ಲೌಡ್. 1993ರ ತಮ್ಮ ಪುಸ್ತಕದಲ್ಲಿ ಅವರು ಒಂದು ಚೌಕಟ್ಟಿನಲ್ಲಿ ಎತ್ತಿದ ಕೊಡಲಿಯನ್ನೂ ಮುಂದಿನದರಲ್ಲಿ ನಗರದ ಮೇಲೆ ಹರಡಿದ ಚೀತ್ಕಾರವನ್ನೂ ಇಟ್ಟು, ನಡುವಿನ ಖಾಲಿ ಜಾಗದಲ್ಲಿ ಏಟು ಹಾಕಿದವನು ಓದುಗನೇ ಎಂದು ತೋರಿಸುತ್ತಾರೆ. ಚಿತ್ರಪುಸ್ತಕದಲ್ಲಿ ಆ ಖಾಲಿ ಜಾಗಕ್ಕೆ ಇನ್ನೊಂದು ಬಲವಿದೆ: ಪುಟವನ್ನು ಕೈಯಿಂದ ತಿರುಗಿಸಬೇಕು. ತಿರುಗಿಸುವ ತನಕ ಮುಂದಿನದು ಕಾಣುವುದಿಲ್ಲ. ಜಿಂಕೆ ಅದೇ ಜೋಡಿಪುಟದ ಬಲಬದಿಯಲ್ಲಿ ಕಾಣುವಂತಿದ್ದರೆ ಓದುಗ ಯಾವತ್ತೂ ಅದನ್ನು ರೆಂಬೆ ಎಂದುಕೊಳ್ಳುತ್ತಿರಲಿಲ್ಲ.

ಸೂಝಿ ಲೀ ಅವರ 2008ರ ‘ವೇವ್’ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಪುಸ್ತಕ ಅಡ್ಡಕ್ಕೆ ಉದ್ದವಾಗಿದೆ; ಎಡಪುಟದಲ್ಲಿ ಹುಡುಗಿ, ಬಲಪುಟದಲ್ಲಿ ಕಡಲು. ಇದ್ದಿಲಿನ ಕಪ್ಪು ಗೆರೆ ಮತ್ತು ನೀಲಿ ಬಿಟ್ಟರೆ ಬೇರೆ ಬಣ್ಣವಿಲ್ಲ, ನೀಲಿಯೂ ಮೊದಲಿಗೆ ಕಡಲಿನ ಪಾಲಿಗೆ ಮಾತ್ರ. ಅಲೆ ಎಷ್ಟು ನುಗ್ಗಿ ಬಂದರೂ ಪುಸ್ತಕದ ನಡುಮಡಿಕೆಯ ಬಳಿ ನಿಂತುಬಿಡುತ್ತದೆ. ಅಲ್ಲೊಂದು ಕಾಣದ ಗೋಡೆ ಇದೆಯೆಂದು ಓದುಗನಿಗೆ ಯಾರೂ ಹೇಳಿಲ್ಲ. ಮೂರು ನಾಲ್ಕು ಪುಟಗಳಲ್ಲಿ ಅವನು ಆ ನಿಯಮವನ್ನು ತಾನಾಗಿಯೇ ಕಲಿತಿರುತ್ತಾನೆ. ಕಲಿತ ಮೇಲೆ ಹುಡುಗಿ ಆ ಮಡಿಕೆಯನ್ನು ದಾಟುತ್ತಾಳೆ, ಮುಂದೆ ಅಲೆಯೂ ದಾಟುತ್ತದೆ, ಆಮೇಲೆ ಅವಳ ಅಂಗಿಗೂ ಆಕಾಶಕ್ಕೂ ನೀಲಿ ಬರುತ್ತದೆ. ಹೊಲಿಗೆಯ ಜಾಗವನ್ನು ಕತೆಯ ಗಡಿಯಾಗಿ ಮಾಡಿದ್ದು ಅವರ ಕೌಶಲ. ಅದನ್ನು ಗಡಿಯೆಂದು ನಂಬಿದ್ದು ಓದುಗನ ಕೆಲಸ. ನಂಬದವನಿಗೆ ಆ ದಾಟುವಿಕೆಯಲ್ಲಿ ಏನೂ ನಡೆದಂತೆ ಅನ್ನಿಸುವುದೇ ಇಲ್ಲ.

ಕಿರಿಯರ ಓದು:
ತರಗತಿಯಲ್ಲಿ ಮಕ್ಕಳೊಂದಿಗೆ ಇಂಥ ಪುಸ್ತಕಗಳನ್ನು ಓದುವವಳಾಗಿ ಬರೆಯುತ್ತಿದ್ದೇನೆ. ದೊಡ್ಡವರು ಈ ಪುಸ್ತಕಗಳನ್ನು ವೇಗವಾಗಿ ತಿರುವಿಹಾಕುತ್ತಾರೆ. ಓದುವ ವೇಗವನ್ನು ಸಾಲುಗಳು ನಿರ್ಧರಿಸುವುದು ಅವರಿಗೆ ರೂಢಿಯಾಗಿರುವುದರಿಂದ, ಸಾಲುಗಳಿಲ್ಲದ ಪುಟದಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯುವುದಿಲ್ಲ. ಮುಖ್ಯ ಪಾತ್ರ ಏನು ಮಾಡಿತು ಎಂದು ನೋಡಿ ಮುಂದೆ ಹೋಗುತ್ತಾರೆ. ಮಕ್ಕಳು ಹಾಗಲ್ಲ. ಕಪ್ಪೆಯ ಪುಸ್ತಕದಲ್ಲಿ ಹುಡುಗ ಬಿಲ ನೋಡುತ್ತಿರುವ ಹೊತ್ತಿಗೆ ನಾಯಿ ಜೇನುಗೂಡಿನ ಕಡೆಗೆ ಹೋಗಿರುವುದನ್ನು ಮಕ್ಕಳು ಮೊದಲು ಹೇಳುತ್ತಾರೆ. ಎರಡು ಕತೆಗಳು ಒಂದೇ ಪುಟದಲ್ಲಿ ನಡೆಯುತ್ತಿರುವುದನ್ನು ಎಷ್ಟೋ ಸಲ ಅವರೇ ನಮಗೆ ತೋರಿಸುತ್ತಾರೆ.

ನಾವು ಕೇಳುವ ಪ್ರಶ್ನೆಯ ಬಗ್ಗೆ ಒಂದು ಮಾತು. ‘ಇದೇನು? ಇದು ಯಾವ ಬಣ್ಣ?’ ಎಂದು ಕೇಳಿದರೆ ಪುಸ್ತಕ ಪಾಠದ ಹಲಗೆಯಾಗಿಬಿಡುತ್ತದೆ, ಮಗು ಹೆಸರುಗಳನ್ನು ಒಪ್ಪಿಸುತ್ತದೆ. ‘ನಿನಗೆ ಇಷ್ಟ ಬಂದ ಹಾಗೆ ಹೇಳು’ ಎಂದರೆ ಮಗು ಚಿತ್ರವನ್ನು ಬಿಟ್ಟು ತನ್ನ ಕತೆ ಹೇಳತೊಡಗುತ್ತದೆ. ಅದೂ ಒಳ್ಳೆಯದೇ, ಆದರೆ ಅದು ಓದು ಅಲ್ಲ. ನಾನು ಕೇಳುವುದು ಒಂದೇ ಪ್ರಶ್ನೆ: ಹಾಗೆ ಅನ್ನಿಸುವುದಕ್ಕೆ ಈ ಪುಟದಲ್ಲಿ ಏನಿದೆ? ‘ಅವನಿಗೆ ಕೋಪ ಬಂದಿದೆ’ ಎಂದ ಮಗು ಆಗ ಹುಬ್ಬನ್ನೋ ಕೈಯನ್ನೋ ತೋರಿಸುತ್ತದೆ. ಪಕ್ಕದ ಮಗು ‘ಅದು ಕೋಪವಲ್ಲ, ಹೆದರಿಕೆ, ನೋಡು, ಹಿಂದಕ್ಕೆ ವಾಲಿದ್ದಾನೆ’ ಎನ್ನುತ್ತದೆ. ಅಲ್ಲಿಂದ ಮುಂದೆ ನಾನು ಸುಮ್ಮನಿರುತ್ತೇನೆ. ಮಕ್ಕಳು ಒಬ್ಬರ ಊಹೆಯನ್ನು ಇನ್ನೊಬ್ಬರು ಪುಟದ ಮೇಲಿನ ಸಾಕ್ಷಿಯಿಂದ ತಿದ್ದುತ್ತಿರುವಾಗ ದೊಡ್ಡವರು ನಡುವೆ ಬಂದು ಸರಿ ಉತ್ತರ ಹೇಳಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮರುನೋಟ:
ಎಲ್ಲರ ಮಾತನ್ನೂ ಗೌರವಿಸುತ್ತಲೇ ಒಂದು ಆಕ್ಷೇಪವನ್ನು ದಾಖಲಿಸುತ್ತೇನೆ. ಚಿತ್ರವನ್ನು ಓದುವುದು ಹುಟ್ಟಿನಿಂದಲೇ ಬಂದಿರುತ್ತದೆ, ಅಕ್ಷರಕ್ಕೆ ಮಾತ್ರ ಕಲಿಕೆ ಬೇಕು ಎಂಬ ನಂಬಿಕೆ ಈ ಚರ್ಚೆಯ ತಳದಲ್ಲಿ ಇದ್ದಂತಿದೆ. ಅದು ಅರ್ಧ ಸತ್ಯ. ಮುಖವನ್ನು, ಪ್ರಾಣಿಯನ್ನು ಚಿತ್ರದಲ್ಲಿ ಗುರುತಿಸುವುದು ಬೇಗ ಬರುತ್ತದೆ, ನಿಜ. ಚಲನೆಯಲ್ಲಿ ಉದ್ದೇಶವನ್ನು ಕಾಣುವುದೂ ನಮಗೆ ಸಹಜ: 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎರಡು ತ್ರಿಕೋನ, ಒಂದು ವೃತ್ತ ಓಡಾಡುವ ಚಿಕ್ಕ ಚಲನಚಿತ್ರ ತೋರಿಸಿದಾಗ ನೋಡಿದವರಲ್ಲಿ ಬಹುತೇಕ ಎಲ್ಲರೂ ಜಗಳ, ಬೆನ್ನಟ್ಟುವಿಕೆ, ಹೆದರಿಕೆಯ ಕತೆಯನ್ನೇ ಹೇಳಿದರು. ಮುಖವೇ ಇಲ್ಲದ ಆಕೃತಿಗಳಿಗೂ ನಾವು ಮನಸ್ಸನ್ನು ಕೊಡುತ್ತೇವೆ.

ಆದರೆ ಸಾಲಾಗಿ ಇಟ್ಟ ನಿಶ್ಚಲ ಚಿತ್ರಗಳನ್ನು ಓದುವುದು ಬೇರೆಯೇ ಕೌಶಲ. ಎರಡನೆಯ ಚಿತ್ರದ ಹುಡುಗ ಮೊದಲನೆಯದರಲ್ಲಿದ್ದ ಅದೇ ಹುಡುಗ ಎಂದು ಒಪ್ಪಿಕೊಳ್ಳುವುದೇ ಒಂದು ಕಲಿಕೆ. ನೀಲ್ ಕೋನ್ ಎಂಬ ಸಂಶೋಧಕರು ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ: ಇಂಥ ಚಿತ್ರಸರಣಿಗಳ ಪರಿಚಯವೇ ಇಲ್ಲದ ದೊಡ್ಡವರೂ ತೀರಾ ಚಿಕ್ಕ ಮಕ್ಕಳೂ ಆರು ಚಿತ್ರಗಳಲ್ಲಿ ಆರು ಬಾರಿ ಬಂದ ಒಬ್ಬನನ್ನು ಆರು ಮಂದಿ ಎಂದು ತಿಳಿಯುವುದುಂಟು. ಓಡುವವನ ಹಿಂದಿನ ಗೆರೆಗಳು, ಕನಸಿಗೆ ಹಾಕುವ ಗುಳ್ಳೆ, ಎಡದಿಂದ ಬಲಕ್ಕೆ ಕಾಲ ಸರಿಯುತ್ತದೆಂಬ ಒಪ್ಪಂದ, ಇವೆಲ್ಲ ಕಲಿತದ್ದೇ. ಅರೇಬಿಕ್ ಅಥವಾ ಹೀಬ್ರೂ ಓದಿ ಬೆಳೆದವರ ಪುಸ್ತಕ ಬಲದಿಂದ ತೆರೆದುಕೊಳ್ಳುತ್ತದೆ. ಎಡದಿಂದ ಬಲಕ್ಕೆ ನಡೆಯುವ ಪಾತ್ರ ಅವರ ಕಣ್ಣಿಗೆ ಮನೆಯಿಂದ ಹೊರಡುತ್ತಿರುವಂತೆ ಕಾಣಬೇಕಾಗಿಲ್ಲ. ಪುಸ್ತಕ ಓದುಗನ ಊಹೆಯನ್ನು ಪರೀಕ್ಷಿಸುತ್ತದೆ ಎನ್ನುವಾಗ, ಪರೀಕ್ಷೆಯ ನಿಯಮಗಳು ಗೊತ್ತಿರುವ ಓದುಗನ ಬಗ್ಗೆಯಷ್ಟೇ ಮಾತನಾಡುತ್ತಿದ್ದೇವೆ.

ಮೌನಪುಟ:
ಮರುನೋಟ ಅವರ ಆಕ್ಷೇಪ ಸರಿಯಾದದ್ದು, ಆದರೆ ಅದರಿಂದ ಹೊರಡುವ ತೀರ್ಮಾನ ನಿರಾಶೆಯದಾಗಬೇಕಿಲ್ಲ. ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಿಂದ ನಿರಾಶ್ರಿತರು ಬಂದಿಳಿಯುತ್ತಿದ್ದ ಇಟಲಿಯ ಲಾಂಪೆಡೂಸಾ ದ್ವೀಪದಲ್ಲಿ, ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಸಂಸ್ಥೆ ಇಬ್ಬಿ 2012ರಲ್ಲಿ ‘ಸೈಲೆಂಟ್ ಬುಕ್ಸ್’ ಎಂಬ ಯೋಜನೆಯನ್ನು ಆರಂಭಿಸಿತು. ದ್ವೀಪದ ಮಕ್ಕಳಿಗೂ ಬಂದವರ ಮಕ್ಕಳಿಗೂ ಒಟ್ಟಿಗೆ ಬಳಸಲು ಬರುವ ಗ್ರಂಥಾಲಯ ಕಟ್ಟುವುದು, ಅದಕ್ಕಾಗಿ ಹಲವು ದೇಶಗಳ ಪದಗಳಿಲ್ಲದ ಪುಸ್ತಕಗಳನ್ನು ಕೂಡಿಸುವುದು ಅದರ ಗುರಿ. ಆ ಪುಸ್ತಕಗಳು ಎಲ್ಲರಿಗೂ ಸಮಾನವಾಗಿ ಅರ್ಥವಾಗುತ್ತವೆ ಎಂದು ಯಾರೂ ಹೇಳಬೇಕಿಲ್ಲ. ಭಾಷೆ ಹಂಚಿಕೊಳ್ಳದ ಇಬ್ಬರು ಒಂದೇ ಪುಟದ ಮುಂದೆ ಕೂತಾಗ ಇಬ್ಬರಲ್ಲಿ ಯಾರೂ ಓದಲು ಬರುವವರ ಸ್ಥಾನದಲ್ಲಿ ಇರುವುದಿಲ್ಲ ಎಂಬುದೇ ಅದರ ಬೆಲೆ. ಮುದ್ರಿತ ಸಾಲು ಇದ್ದಿದ್ದರೆ ಒಬ್ಬ ಓದುತ್ತಿದ್ದ, ಇನ್ನೊಬ್ಬ ಕೇಳುತ್ತಿದ್ದ.

ಶಾನ್ ಟ್ಯಾನ್ ಅವರ 2006ರ ‘ದಿ ಅರೈವಲ್’ ಇದೇ ಅನುಭವವನ್ನು ಕತೆಯೊಳಗೇ ತಂದಿದೆ. ವಲಸೆ ಹೋದವನೊಬ್ಬ ಬಂದಿಳಿಯುವ ನಗರದಲ್ಲಿ ಫಲಕಗಳೂ ಕಾಗದಪತ್ರಗಳೂ ತುಂಬಿವೆ, ಆದರೆ ಆ ಲಿಪಿ ಕಲಾವಿದ ಸೃಷ್ಟಿಸಿದ್ದು. ಅವನಿಗೆ ಓದಲು ಬರುವುದಿಲ್ಲ, ನಮಗೂ ಬರುವುದಿಲ್ಲ. ಅಕ್ಷರ ಬಲ್ಲ ಓದುಗನನ್ನು ಅಕ್ಷರ ಬಾರದವನ ಸ್ಥಿತಿಗೆ ತಂದು ನಿಲ್ಲಿಸುವ ಈ ಕ್ರಮವನ್ನು ಪದಗಳಿಂದ ಸಾಧಿಸುವುದು ಬಹಳ ಕಷ್ಟ.

ಮರುನೋಟ:
ಅದನ್ನು ಪೂರ್ಣವಾಗಿ ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸುತ್ತೇನೆ: ‘ಪದಗಳಿಲ್ಲದ’ ಪುಸ್ತಕಕ್ಕೂ ಶೀರ್ಷಿಕೆ ಇರುತ್ತದೆ. ‘ಕಪ್ಪೆ, ಎಲ್ಲಿದ್ದೀಯ?’ ಎಂಬರ್ಥದ ಶೀರ್ಷಿಕೆ ಓದಿದವನಿಗೆ ಹುಡುಕಾಟದ ಉದ್ದೇಶ ಅರ್ಧ ಸಿಕ್ಕೇ ಸಿಕ್ಕಿರುತ್ತದೆ. ಹಿಂಬದಿಯ ಮುಖಪುಟದಲ್ಲಿ ಪ್ರಕಾಶಕರು ಕತೆಯ ಸಾರಾಂಶ ಅಚ್ಚು ಹಾಕಿಬಿಟ್ಟರೆ ಉಳಿದರ್ಧವೂ ಹೋಗುತ್ತದೆ. ಆ ಸಾರಾಂಶವನ್ನು ಮಕ್ಕಳಿಗೆ ಮೊದಲೇ ಓದಿ ಹೇಳಬೇಡಿರೆಂದು ನನ್ನ ವಿನಂತಿ.

ಕೇಳುಗ:
ನಾನು ದೃಷ್ಟಿಯಿಲ್ಲದ ಓದುಗ. ಪದಗಳಿಲ್ಲದ ಪುಸ್ತಕ ನನ್ನನ್ನು ತಲುಪುವುದು ಯಾರಾದರೂ ಅದನ್ನು ವಿವರಿಸಿದರೆ ಮಾತ್ರ. ಆದ್ದರಿಂದ ನಿಮ್ಮ ಚರ್ಚೆ ನನಗೆ ಅಭ್ಯಾಸದ ಪ್ರಶ್ನೆ. ವಿವರಿಸುವವರು ಒಳ್ಳೆಯ ಮನಸ್ಸಿನಿಂದಲೇ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತಾರೆ. ‘ಹುಡುಗ ಜಿಂಕೆಯ ಕೊಂಬನ್ನು ರೆಂಬೆಯೆಂದು ತಿಳಿದು ಹಿಡಿದುಕೊಂಡಿದ್ದಾನೆ’ ಎಂದು ಹೇಳಿದರೆ ನನಗೆ ವಿಷಯ ಸಿಕ್ಕಿತು, ಆದರೆ ಊಹಿಸುವ, ಊಹೆ ಬೀಳುವ ಆ ಒಂದು ಕ್ಷಣ ನನ್ನಿಂದ ಕೈತಪ್ಪಿತು. ನನಗೆ ಸಿಕ್ಕದ್ದು ಇನ್ನೊಬ್ಬರು ಓದಿ ಮುಗಿಸಿದ ಓದು. ಹಾಗೆಂದು ‘ಇಲ್ಲಿ ಗೆರೆಗಳಿವೆ, ಅಲ್ಲಿ ಆಕಾರವಿದೆ’ ಎಂದಷ್ಟೇ ಹೇಳಿದರೆ ನನಗೆ ಏನೂ ದಕ್ಕುವುದಿಲ್ಲ. ಗೆರೆಬಣ್ಣ ಅವರೇ, ನುಡಿಜಾಡು ಅವರೇ, ಆ ಪುಟವನ್ನು ತಾವು ನನಗೆ ಹೇಗೆ ಹೇಳುತ್ತೀರಿ?

ಗೆರೆಬಣ್ಣ:
ಕೇಳುಗ ಅವರೇ, ಈ ಚರ್ಚೆಯಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಬಂದಿಲ್ಲ. ನಾನಾದರೆ ಹೀಗೆ ಹೇಳುತ್ತೇನೆ: ‘ಹುಡುಗ ದೊಡ್ಡ ಬಂಡೆಯ ಮೇಲೆ ನಿಂತಿದ್ದಾನೆ. ಬಂಡೆಯ ಹಿಂದಿನಿಂದ ಎಲೆಗಳಿಲ್ಲದ ರೆಂಬೆಗಳಂಥವು ಮೇಲಕ್ಕೆ ಚಾಚಿವೆ. ಅವನ್ನು ಹಿಡಿದುಕೊಂಡು, ಬಾಯಿಯ ಪಕ್ಕ ಕೈಯಿಟ್ಟು ಕೂಗುತ್ತಿದ್ದಾನೆ.’ ಆಮೇಲೆ ಸ್ವಲ್ಪ ತಡೆದು, ಪುಟ ತಿರುಗಿಸುತ್ತಿದ್ದೇನೆಂದು ಹೇಳುತ್ತೇನೆ. ಆ ತಡೆ ಮುಖ್ಯ, ಏಕೆಂದರೆ ಕಣ್ಣಿರುವ ಓದುಗನಿಗೆ ಪುಟ ತಿರುಗಿಸುವ ಕೈಯ ಕೆಲಸವೇ ಆ ತಡೆಯನ್ನು ಕೊಡುತ್ತದೆ. ಗೆರೆಗಳು ಗೆರೆಗಳೆಂದು ಹೇಳುವುದು ಪ್ರಾಮಾಣಿಕತೆಯಲ್ಲ. ಆ ಪುಟದಲ್ಲಿ ನಿಂತ ಓದುಗನಿಗೆ ಅವು ಏನಾಗಿ ಕಾಣುತ್ತವೆಯೋ ಅದನ್ನು, ಅಷ್ಟನ್ನೇ ಹೇಳಬೇಕು.

ನುಡಿಜಾಡು:
ಕೊನೆಯ ಕಪ್ಪೆಯ ವಿಷಯದಲ್ಲಿ ನಾನು ಇನ್ನಷ್ಟು ಎಚ್ಚರ ವಹಿಸುತ್ತೇನೆ. ‘ಅವನ ಕಪ್ಪೆ’ ಎಂದೂ ಹೇಳುವುದಿಲ್ಲ, ‘ಮರಿ’ ಎಂದೂ ಹೇಳುವುದಿಲ್ಲ. ‘ಹುಡುಗನ ಕೈಯಲ್ಲೊಂದು ಕಪ್ಪೆ ಇದೆ, ಅವನು ಹಿಂದಿರುಗಿ, ದಿಮ್ಮಿಯ ಮೇಲೆ ಕೂತ ಕಪ್ಪೆಗಳ ಕಡೆ ಕೈ ಬೀಸುತ್ತಿದ್ದಾನೆ’ ಎಂದು ನಿಲ್ಲಿಸುತ್ತೇನೆ. ಯಾವ ಕಪ್ಪೆ ಎಂದು ಪುಸ್ತಕ ಸ್ಪಷ್ಟಪಡಿಸಿಲ್ಲ ಎಂಬ ಟಿಪ್ಪಣಿಯನ್ನೂ ಸೇರಿಸುವುದಿಲ್ಲ. ಚಿತ್ರ ನೋಡುವವನಿಗೆ ಅಂಥ ಟಿಪ್ಪಣಿಯನ್ನು ಯಾರೂ ಕೊಡುವುದಿಲ್ಲವಲ್ಲ. ಆ ಅನುಮಾನ ಕೇಳುವವರಲ್ಲಿ ತಾನಾಗಿಯೇ ಹುಟ್ಟಬೇಕು, ಹುಟ್ಟದಿದ್ದರೂ ಅವರ ಓದು ಕಡಿಮೆಯದೇನಲ್ಲ.

ಕೇಳುಗ:
ಇಬ್ಬರ ಉತ್ತರವೂ ನನಗೆ ಬೇಕಾದ ಉತ್ತರಕ್ಕೆ ಹತ್ತಿರವಿದೆ. ಒಂದು ಕಡೆ ಮಾತ್ರ ನುಡಿಜಾಡು ಅವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಕಣ್ಣಿರುವ ಓದುಗನಿಗೆ ಟಿಪ್ಪಣಿ ಬೇಡ, ನಿಜ, ಏಕೆಂದರೆ ಅನುಮಾನ ಬಂದರೆ ಅವನು ಪುಟಗಳನ್ನು ಹಿಂದಕ್ಕೆ ತಿರುವಿ, ಜಾಡಿಯಲ್ಲಿದ್ದ ಕಪ್ಪೆಯನ್ನೂ ಕೈಯಲ್ಲಿರುವ ಕಪ್ಪೆಯನ್ನೂ ಹೋಲಿಸಿ ನೋಡಬಲ್ಲ. ನನಗೆ ಹೇಳಿದ ವಿವರ ಒಂದೇ ಓಟದಲ್ಲಿ ಮುಗಿದುಹೋಗಿರುತ್ತದೆ. ಹಾಗಾಗಿ ಇಂಥ ಪುಸ್ತಕಗಳನ್ನು ಧ್ವನಿಯಲ್ಲಿ ದಾಖಲಿಸುವವರು ಪ್ರತಿ ಪುಟವನ್ನೂ ಪ್ರತ್ಯೇಕ ಭಾಗವಾಗಿ ಇಟ್ಟು, ಬೇಕಾದ ಪುಟಕ್ಕೆ ಮರಳಿ ಹೋಗುವ ಅನುಕೂಲ ಮಾಡಬೇಕು. ಮೊದಲ ಪುಟದ ಕಪ್ಪೆಯ ಗಾತ್ರವನ್ನು ಹೇಳಿದ್ದರೆ ಕೊನೆಯ ಪುಟದಲ್ಲೂ ಅದನ್ನು ಅದೇ ಅಳತೆಯಲ್ಲಿ ಹೇಳಬೇಕು. ಅಷ್ಟು ಮಾಡಿದರೆ ಯಾವ ಕಪ್ಪೆ ಎಂಬುದನ್ನು ನಾನೇ ತೀರ್ಮಾನಿಸಿಕೊಳ್ಳುತ್ತೇನೆ.